ಕೆಸರು, ಜೀಪು ಮತ್ತು ಒಂದು ಸ್ವಿಚ್ಚು

ನಮ್ಮ ರಿಪ್ಪನ್‌ಪೇಟೆ, 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪನ್ನನ ಹೆಸರು ಹೊತ್ತ ಊರು. ಆದರೆ ಇಲ್ಲಿನ ರಸ್ತೆಗಳ ಇತಿಹಾಸ ಬರೆಯುವವರು ವೈಸರಾಯನಿಗಿಂತ ಜೀಪಿಗೇ ಹೆಚ್ಚು ಪುಟ ಕೊಡಬೇಕಾದೀತು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೆರಿಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. 1947ರಲ್ಲಿ ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿಯೇ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟದ ದಾರಿಗಳಿಗೆ ಅದಕ್ಕಿಂತ ಒಗ್ಗುವ ವಾಹನ ಬೇರೆ ಇರಲಿಲ್ಲ.

ಕಾರಣ ಸರಳವಾದುದು. ತಿರುವಿನಲ್ಲಿ ಹೊರಮಗ್ಗುಲಿನ ಚಕ್ರ ಒಳಮಗ್ಗುಲಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕೆ ಅವಕಾಶ ಕೊಡುವುದು ಡಿಫರೆನ್ಷಿಯಲ್. ಅದರ ತೊಡಕೂ ಅಲ್ಲಿಯೇ ಇದೆ. ಒಂದು ಚಕ್ರ ರಾಡಿಗೆ ಬಿದ್ದರೆ ಅದೊಂದೇ ಗಿರಗಿರನೆ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವುದು ಸುಮ್ಮನಿರುತ್ತದೆ. ಹಳೆಯ ಜೀಪಿನಲ್ಲಿ ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಪುಟ್ಟ ಕೋಲುಗಳಿದ್ದವು: ಒಂದು ಮುಂದಿನ ಚಕ್ರಗಳಿಗೂ ಬಲ ಕೊಡಲು, ಇನ್ನೊಂದು ನಿಧಾನದ ಗೇರಿಗೆ. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ಚಾಲಕನ ವಿವೇಚನೆ. ಒಣ ಟಾರು ರಸ್ತೆಯಲ್ಲಿ ತೆಗೆಯಲು ಮರೆತರೆ ತಿರುವಿನಲ್ಲಿ ಸ್ಟೀರಿಂಗ್ ಬಿಗಿಯುತ್ತಿತ್ತು, ಗೇರುಗಳಿಗೂ ಪೆಟ್ಟು ಬೀಳುತ್ತಿತ್ತು.

ಈ ವಿವೇಚನೆಯನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ 1971ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಲ್ಲಿ ನಡೆಯಿತು. 1978ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಎಬಿಎಸ್ ಬಂದಿತು. ಚಕ್ರದ ವೇಗವನ್ನು ಅಳೆಯುವ ಅದರ ಸೆನ್ಸಾರುಗಳನ್ನೇ ಬಳಸಿ 1980ರ ದಶಕದಲ್ಲಿ ಟ್ರಾಕ್ಷನ್ ಕಂಟ್ರೋಲ್ ರೂಪುಗೊಂಡಿತು. ಚಕ್ರ ಸುತ್ತತೊಡಗಿದರೆ ಅದು ಆ ಚಕ್ರಕ್ಕೆ ಬ್ರೇಕು ಹಿಡಿಯುತ್ತದೆ, ಇಂಜಿನ್ನಿನ ಬಲವನ್ನೂ ತಗ್ಗಿಸುತ್ತದೆ. ನೆನೆದ ಟಾರು ರಸ್ತೆಯಲ್ಲಿ ಇದು ಪ್ರಾಣ ಉಳಿಸುವ ಸಾಧನ. ಆಳವಾದ ಕೆಸರಿನಲ್ಲಿ ಮಾತ್ರ ಚಕ್ರ ಕೊಂಚ ಸುತ್ತಿದರೇನೇ ಟೈರಿನ ಸಂದಿಯ ಮಣ್ಣು ಸಿಡಿದು ಹಿಡಿತ ಸಿಗುವುದು. ಅಲ್ಲಿ ಬಲ ತಗ್ಗಿದರೆ ಕಾರು ನಿಂತಲ್ಲೇ ಹೂತುಕೊಳ್ಳುತ್ತದೆ. ಆದ್ದರಿಂದಲೇ ಅನೇಕ ಕಾರುಗಳಲ್ಲಿ ತಯಾರಕರೇ ಇದನ್ನು ಆರಿಸುವ ಗುಂಡಿ ಇಟ್ಟಿದ್ದಾರೆ.

ಇಷ್ಟೆಲ್ಲ ಬರೆಯಲು ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನ ಹೊಸ ಕಾರಿನಲ್ಲಿ ಆ ಗುಂಡಿ ಕಾಣಿಸುತ್ತಿಲ್ಲವಂತೆ. "ಹೊರಗಿನಿಂದ ಒಂದು ಸ್ವಿಚ್ಚು ಹಾಕಿಸಲೇ, ಮೇಷ್ಟ್ರೇ?" ಎಂದು ಕೇಳಿದ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಜಡಿಮಳೆಯ ರಾತ್ರಿ ಆಸ್ಪತ್ರೆಗೆ ಹೊರಟರೂ ಮನೆಮುಂದಿನ ಮಣ್ಣಿನ ಏರನ್ನು ಹತ್ತಲೇಬೇಕು. ಹುಡುಗನ ಚಿಂತೆ ಹಗುರವಾದುದಲ್ಲ. (ಹುಡುಗನೆಂದರೆ ಅವನಿಗೂ ಈಗ ಮೊಮ್ಮಕ್ಕಳಿದ್ದಾರೆನ್ನಿ!)

ಹೊರಗಿನಿಂದ ಹಾಕುವ ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ ಸೆನ್ಸಾರಿನ ತಂತಿಯನ್ನೋ ಎಬಿಎಸ್ಸಿನ ಫ್ಯೂಸನ್ನೋ ಕಡಿದು ಕೆಲಸ ಮಾಡುವಂಥವು. ಆಗ ಟ್ರಾಕ್ಷನ್ ಕಂಟ್ರೋಲಿನೊಡನೆ ಎಬಿಎಸ್ಸೂ ಹೋಗುತ್ತದೆ. ಏರು ಹತ್ತಿದ ಮೇಲೆ ಸ್ವಿಚ್ಚನ್ನು ಮರೆತು, ಅದೇ ಕಾರಿನಲ್ಲಿ ಹುಲಿಕಲ್ ಘಾಟಿ ಇಳಿಯುವುದನ್ನು ಊಹಿಸಿಕೊಳ್ಳಿ. ಕಾರಿನೊಡನೆ ಕೊಟ್ಟ ಪುಸ್ತಕವನ್ನು ಮೊದಲು ಓದು, ಕೆಲವು ಕಾರುಗಳಲ್ಲಿ ಆ ಆಯ್ಕೆ ಪರದೆಯೊಳಗೆ ಅಡಗಿರುತ್ತದೆ ಎಂದೆ. ಅಲ್ಲಿಯೂ ಇಲ್ಲವಾದರೆ ತಂತಿಗೆ ಕೈಹಾಕಬೇಡ, ಏರಿಗೆ ಒಂದು ಲೋಡು ಜಲ್ಲಿ ಹಾಕಿಸು ಎಂದೂ ಹೇಳಿದ್ದೇನೆ.