ಗಾರೆ ಹೋಯಿತು, ಗಾರೆ ಕೆಲಸ ಉಳಿಯಿತು

ದಾವಣಗೆರೆಯಲ್ಲಿ ಬೆಳಿಗ್ಗೆ ಕರಣೆ, ತೂಗುಗುಂಡು, ಮಟ್ಟಗೋಲು ಚೀಲಕ್ಕೆ ಹಾಕಿಕೊಂಡು ಹೊರಟ ಮೇಸ್ತ್ರಿಯನ್ನು ‘ಏನು ಕೆಲಸ ಅಣ್ಣ?’ ಅಂತ ಕೇಳಿ ನೋಡಿ. ‘ಗಾರೆ ಕೆಲಸ’ ಅನ್ನುತ್ತಾರೆ. ಆದರೆ ಅವರ ಬಾಂಡ್ಲಿಯಲ್ಲಿ ಗಾರೆ ಇರುವುದಿಲ್ಲ. ಸಿಮೆಂಟು, ಎಂ ಸ್ಯಾಂಡು, ನೀರು ಇರುತ್ತದೆ. ಗಾರೆ ಅಂದರೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದದ್ದು. ಅದು ಕಣ್ಮರೆಯಾಗಿ ಎರಡು ತಲೆಮಾರು ಕಳೆದಿದೆ. ಹೆಸರು ಮಾತ್ರ ಉಳಿದಿದೆ.

ಇದನ್ನು ಈಗ ನೆನೆಯುವುದಕ್ಕೆ ಒಂದು ಕಾರಣವಿದೆ. ನಿಮ್ಮ ಮನೆಯ ಹೊರಗೋಡೆಯ ಪ್ಲಾಸ್ಟರ್ ಉದುರಿದೆ ಅಂದುಕೊಳ್ಳಿ. ಮೇಸ್ತ್ರಿಯನ್ನು ಕರೆಸಿ ತೇಪೆ ಹಾಕಿಸುತ್ತೀರಿ. ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಜಾಗ ಉಬ್ಬಿ, ಟೊಳ್ಳಾಗಿ, ಹಪ್ಪಳದ ಹಾಗೆ ಕಳಚಿ ಬೀಳುತ್ತದೆ. ಸಿಮೆಂಟಿಗೆ ಬೈಯುತ್ತೇವೆ, ಇಲ್ಲವೇ ಮೇಸ್ತ್ರಿಗೆ ಬೈಯುತ್ತೇವೆ. ಎಷ್ಟೋ ಸಲ ತಪ್ಪು ಇಬ್ಬರದ್ದೂ ಅಲ್ಲ. ಒಂದು ಕಾಲದ ಗೋಡೆಗೆ ಇನ್ನೊಂದು ಕಾಲದ ಮೆತ್ತಿಗೆ ಹಚ್ಚಿದ್ದೇ ತಪ್ಪು. ಅದು ಹೇಗೆ ಅಂತ ತಿಳಿಯಬೇಕಾದರೆ ನಮ್ಮ ಊರುಗಳ ಗೋಡೆಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಮೆತ್ತಿಗೆಯೇ ಬೇಡದ ಗೋಡೆ

ಹರಿಹರದಿಂದಲೇ ಶುರು ಮಾಡೋಣ. ಅಲ್ಲಿನ ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಎಂಟುನೂರು ವರ್ಷದ ಬಿಸಿಲು ಮಳೆ ಕಂಡ ಕಟ್ಟಡ ಅದು. ಹೊಯ್ಸಳರ ಕಾಲದ ಕೆಲಸಗಾರರು ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸುತ್ತಿದ್ದರು, ನಡುವೆ ಗಾರೆ ಹಾಕುತ್ತಿರಲಿಲ್ಲ. ಕಲ್ಲಿನ ಮೇಲೆ ಮೆತ್ತಿಗೆಯೂ ಬೇಕಿರಲಿಲ್ಲ. ಉದುರುವುದಕ್ಕೆ ಅಲ್ಲಿ ಏನೂ ಇಲ್ಲ.

ಆದರೆ ಅಂಥ ಕಲ್ಲಿನ ಗೋಡೆ ದೇವರಿಗೆ ಮತ್ತು ದೊರೆಗೆ. ಊರಿನ ಜನ ಇದ್ದದ್ದು ಮಣ್ಣಿನ ಮನೆಯಲ್ಲಿ.

ವರ್ಷಕ್ಕೊಮ್ಮೆ ಮೈ ತೊಳೆದುಕೊಳ್ಳುವ ಮನೆ

ಬಯಲುಸೀಮೆಯ ಮನೆ ಅಂದರೆ ದಪ್ಪ ಮಣ್ಣಿನ ಗೋಡೆ, ಇಲ್ಲವೇ ಹಸಿ ಇಟ್ಟಿಗೆಯ ಗೋಡೆ, ಮೇಲೆ ಮಾಳಿಗೆ. ಕೆಮ್ಮಣ್ಣು ಜರಡಿ ಹಿಡಿದು, ಮರಳು, ಹೊಟ್ಟು ಅಥವಾ ಕತ್ತರಿಸಿದ ಹುಲ್ಲು, ಸೆಗಣಿ ಸೇರಿಸಿ, ನೀರು ಹಾಕಿ ನೆನೆಯಲು ಬಿಟ್ಟು, ಕಾಲಲ್ಲಿ ತುಳಿದು ಹದ ಮಾಡಿ ಗೋಡೆಗೆ ಮೆತ್ತುತ್ತಿದ್ದರು. ಎರೆ ಮಣ್ಣನ್ನು ಈ ಕೆಲಸಕ್ಕೆ ಬಳಸುತ್ತಿರಲಿಲ್ಲ. ಅದು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ ಅಂತ ಹೊಲ ಉಳುವವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಣ್ಣಿನ ಮೆತ್ತಿಗೆ ಮಳೆಗೆ ಸ್ವಲ್ಪ ಸ್ವಲ್ಪ ತೊಳೆದು ಹೋಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಹಬ್ಬ ಬಂತೆಂದರೆ ಸಾರಣೆ, ಸುಣ್ಣ, ಕೆಮ್ಮಣ್ಣು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಇಂದಿಗೂ ಬೀದಿಬೀದಿಯ ಗೋಡೆಗಳು ಹೊಸ ಬಣ್ಣ ಕಾಣುತ್ತವೆ. ಅದನ್ನು ನಾವು ಭಕ್ತಿ ಅನ್ನುತ್ತೇವೆ. ಅದು ಭಕ್ತಿಯೂ ಹೌದು, ಮನೆ ರಿಪೇರಿಯ ಕ್ಯಾಲೆಂಡರೂ ಹೌದು. ತೊಳೆದು ಹೋದದ್ದು ಮೆತ್ತಿಗೆ, ಉಳಿದದ್ದು ಗೋಡೆ. ಮೆತ್ತಿಗೆ ಇದ್ದದ್ದೇ ಸವೆಯುವುದಕ್ಕೆ.

ಸುಣ್ಣದ ಕಾಲ

ಉಳ್ಳವರ ಮನೆ, ಕೋಟೆ, ಗೋಪುರ, ಮಸೀದಿಗಳಿಗೆ ಗಾರೆ ಬಂತು. ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಅನಿಲ ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದಕ್ಕೆ ಮರಳು, ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿ, ಎತ್ತು ತಿರುಗಿಸುವ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೇಕಾಯಿ ನೆನೆಸಿದ ನೀರು ಹಾಕುವುದೂ ಇತ್ತು. ಗೋಡೆಗೆ ಹಚ್ಚಿದ ಮೇಲೆ ಗಾರೆ ನಿಧಾನವಾಗಿ ಗಾಳಿಯಲ್ಲಿರುವ ಅದೇ ಅನಿಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ತಿಂಗಳುಗಟ್ಟಲೆ ಆಗುವ ಕೆಲಸ ಅದು. ಕಲ್ಲಿನಿಂದ ಹೊರಟು ಕಲ್ಲಿಗೇ ವಾಪಸ್ಸು.

ನಮ್ಮ ಜಿಲ್ಲೆಯಲ್ಲೇ ಇದನ್ನು ನೋಡಬೇಕೆಂದರೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ. ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯ ನಡುವಿನ ಮಂಟಪವನ್ನು, ಪಕ್ಕದ ಮುಸಾಫಿರ್‌ಖಾನೆಯನ್ನು ಹತ್ತಿರದಿಂದ ನೋಡಿ. ಇನ್ನೂ ದೊಡ್ಡದು ಬೇಕೆಂದರೆ, ನಮಗಿಂತ ಬಿಸಿಲು ಹೆಚ್ಚಿರುವ ವಿಜಯಪುರದಲ್ಲಿ 1656ರ ಗೋಲಗುಮ್ಮಟವಿದೆ. ಸುಮಾರು 44 ಮೀಟರ್ ಅಗಲದ ಆ ಗುಮ್ಮಟ ನಿಂತಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಮೇಲೆ.

ದಾವಣಗೆರೆ ಪೇಟೆ ಬೆಳೆದದ್ದೂ ಗಾರೆಯ ಕಾಲದಲ್ಲೇ. ಬೇತೂರಿನ ಮಗ್ಗುಲ ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿ ಆಪೋಜಿರಾಮ್ ಎಂಬ ಮರಾಠ ಮುಖಂಡನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಹರಿಹರದಲ್ಲಿ ತುಂಗಭದ್ರೆಯ ಮೇಲಿನ ಹಳೆಯ ಸೇತುವೆ ಮುಗಿದದ್ದು 1868ರಲ್ಲಿ, ಕಲ್ಲು ಮತ್ತು ಇಟ್ಟಿಗೆಯಲ್ಲಿ. ಆಗ ಭಾರತದಲ್ಲಿ ಒಂದೇ ಒಂದು ಸಿಮೆಂಟ್ ಕಾರ್ಖಾನೆ ಇರಲಿಲ್ಲ. 1907ರಲ್ಲಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರ, 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎರಡಕ್ಕೂ ಸುರ್ಕಿ ಗಾರೆಯೇ ಬೆಸುಗೆ. ಗಾರೆ ಅಂದರೆ ದುರ್ಬಲ ಅಂದುಕೊಂಡವರು ಒಮ್ಮೆ ಆ ಕಟ್ಟೆಗಳನ್ನು ನೆನಪಿಸಿಕೊಳ್ಳಬೇಕು.

ಗಾರೆಗೆ ಎರಡು ಗುಣ. ಒಂದು, ಅದು ಉಸಿರಾಡುತ್ತದೆ: ಗೋಡೆಯೊಳಗೆ ಹೋದ ತೇವ ಅದರ ಮೂಲಕವೇ ಹೊರಬಂದು ಆರುತ್ತದೆ. ಎರಡು, ಅದು ಗೋಡೆಗಿಂತ ಮೆದು: ಗೋಡೆ ಸ್ವಲ್ಪ ಅಲುಗಿದರೆ ತಾನೂ ಬಗ್ಗುತ್ತದೆ, ಕೂದಲೆಳೆಯ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಮೂಟೆಯಲ್ಲಿ ಬಂದ ಬಂಡೆ

ಇವತ್ತಿನ ಸಿಮೆಂಟಿಗೆ ಪೋರ್ಟ್‌ಲ್ಯಾಂಡ್ ಎಂಬ ಹೆಸರು ಬಂದದ್ದು 1824ರಲ್ಲಿ, ಇಂಗ್ಲೆಂಡಿನ ಗಾರೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದಾಗ. ನಮ್ಮ ಪಕ್ಕದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಜೊತೆಗೇ ಸಿಮೆಂಟ್ ತಯಾರಿ ಶುರುವಾದದ್ದು 1930ರ ದಶಕದ ಕೊನೆಗೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಕಾಲವೂ ಹೆಚ್ಚುಕಡಿಮೆ ಅದೇ.

ಆದರೂ ಹಳ್ಳಿಗೆ ಸಿಮೆಂಟ್ ಬರಲು ತಡವಾಯಿತು. ಬಹಳ ಕಾಲ ಅದು ಸರ್ಕಾರದ ನಿಯಂತ್ರಣದಲ್ಲಿತ್ತು. ಮೂಟೆ ಬೇಕೆಂದರೆ ಪರ್ಮಿಟ್ ಬೇಕು. 1982ರಲ್ಲಿ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ಊರೂರಿನ ಅಂಗಡಿಯಲ್ಲಿ ಮೂಟೆ ಸಿಕ್ಕಿತು. ಹೊಸ ಮನೆ ಕಟ್ಟಲು ಹಣವಿಲ್ಲದವರೂ ಹಳೆ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದರು. ವರ್ಷ ವರ್ಷ ಸಾರಿಸುವ ಕಷ್ಟ ತಪ್ಪಿತು, ಮನೆ ‘ಪಕ್ಕಾ’ ಆಯಿತು ಅನ್ನುವ ನೆಮ್ಮದಿ. ಸಾರಿಸಿ ಸಾರಿಸಿ ಸೊಂಟ ನೋಯಿಸಿಕೊಂಡಿದ್ದ ಹೆಂಗಸರಿಗಂತೂ ಅದು ದೊಡ್ಡ ಬಿಡುಗಡೆ. ಅವರನ್ನು ತಪ್ಪು ಅನ್ನುವಂತಿಲ್ಲ.

ಆದರೆ ಗೋಡೆಗೆ ಅದು ಬಿಡುಗಡೆಯಾಗಲಿಲ್ಲ. ಮಣ್ಣಿನ ಗೋಡೆ ತೇವಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಬಗ್ಗುವುದಿಲ್ಲ, ಬಿರಿಯುತ್ತದೆ. ಬಿರುಕಿನಲ್ಲಿ ಮಳೆನೀರು ಒಳಗೆ ಹೋಗುತ್ತದೆ, ನೆಲದಿಂದಲೂ ತೇವ ಏರುತ್ತದೆ. ಹೊರಗೆ ಬರಲು ದಾರಿ ಇಲ್ಲ. ಹೊರಗಿನಿಂದ ನೋಡಿದರೆ ಗೋಡೆ ನೆಟ್ಟಗಿದೆ, ಒಳಗೆ ಬುಡ ಕೆಸರಾಗುತ್ತಿದೆ. ಬರಿ ಮಣ್ಣಿನ ಗೋಡೆಯಾಗಿದ್ದರೆ ಕರಗುವುದು ಕಣ್ಣಿಗೆ ಕಾಣುತ್ತಿತ್ತು, ಮನೆಯವರು ಎಚ್ಚರಾಗುತ್ತಿದ್ದರು. ಸಿಮೆಂಟಿನ ಚಿಪ್ಪು ಆ ಎಚ್ಚರಿಕೆಯನ್ನೂ ಮುಚ್ಚಿಬಿಡುತ್ತದೆ. ಮಳೆಗಾಲದಲ್ಲಿ ಮಲಗಿದ್ದವರ ಮೇಲೆ ಗೋಡೆ ಬಿತ್ತು ಎಂಬ ಸುದ್ದಿ ಓದುವಾಗ ಇದನ್ನು ನೆನಪಿಡಿ.

ದೂರದ ಮರುಭೂಮಿಯ ಪಾಠ

ಇದು ನಮ್ಮ ಕಥೆ ಮಾತ್ರ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ ಒಣ ನಾಡು. ಅಲ್ಲಿಯೂ ಹಸಿ ಇಟ್ಟಿಗೆಯ ಮನೆಗಳಿವೆ. ರಾಂಚೋಸ್ ಡಿ ಟಾವೋಸ್ ಎಂಬ ಹಳ್ಳಿಯಲ್ಲಿ ಇನ್ನೂರು ವರ್ಷ ಹಳೆಯ ಮಣ್ಣಿನ ಚರ್ಚ್ ಇದೆ. ಪ್ರತಿ ವರ್ಷ ಮೆತ್ತುವ ರಗಳೆ ಬೇಡ ಅಂತ 1967ರಲ್ಲಿ ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದರು. ಹತ್ತು ಹನ್ನೆರಡು ವರ್ಷದಲ್ಲಿ ಒಳಗಿನ ಮಣ್ಣು ನೀರು ಕುಡಿದು ಹಾಳಾಗಿದ್ದು ಗೊತ್ತಾಯಿತು. 1979ರಲ್ಲಿ ಸಿಮೆಂಟನ್ನು ಕೆತ್ತಿ ತೆಗೆದು, ಮತ್ತೆ ಮಣ್ಣು ಮತ್ತು ಹುಲ್ಲಿನ ಮೆತ್ತಿಗೆಗೆ ಮರಳಿದರು. ಈಗಲೂ ಬೇಸಿಗೆಯಲ್ಲಿ ಊರಿನವರೆಲ್ಲ ಸೇರಿ ಮೆತ್ತುತ್ತಾರೆ. ನಮ್ಮ ಜಾತ್ರೆ ಮುಂದಿನ ಸುಣ್ಣದ ಹಾಗೇ.

ಬ್ಲಾಕ್ ಗೋಡೆಗೆ ಬಾಯಾರಿಕೆ

ಈಗ ಹೊಸದಾಗಿ ಏಳುವ ಮನೆಗಳೆಲ್ಲ ಬಹುಪಾಲು ಸಿಮೆಂಟ್ ಬ್ಲಾಕ್. ಇದಕ್ಕೆ ಸಿಮೆಂಟ್ ಪ್ಲಾಸ್ಟರೇ ಸರಿ, ಯಾಕೆಂದರೆ ಗೋಡೆಯೂ ಅದೇ ಕಾಲದ್ದು. ಹಾಗಾದರೆ ಇಲ್ಲಿ ಯಾಕೆ ಉದುರುತ್ತದೆ?

ಇಲ್ಲಿ ತಪ್ಪುವುದು ನೀರು. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಜಗಳೂರಿನ ಕಡೆಯ ಮಾರ್ಚ್ ಬಿಸಿಲಿನಲ್ಲಿ, ಒಣಗಾಳಿಯಲ್ಲಿ, ಮಟಮಟ ಮಧ್ಯಾಹ್ನ ಪಶ್ಚಿಮದ ಗೋಡೆಗೆ ಪ್ಲಾಸ್ಟರ್ ಹಾಕಿದರೆ ಹೊರಗಿನಿಂದ ಬಿಸಿಲು ನೀರು ಹೀರುತ್ತದೆ, ಒಳಗಿನಿಂದ ಕಾದ ಬ್ಲಾಕ್ ಹೀರುತ್ತದೆ. ಆಗ ಅದು ಗಟ್ಟಿಯಾಗುವುದಲ್ಲ, ಬರಿ ಒಣಗುವುದು. ಉಗುರಿನಿಂದ ಕೆರೆದರೆ ಮರಳು ಉದುರುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಿನಲ್ಲಿ ಏಳು ದಿನ ಗೋಡೆಗೆ ನೀರು ಹೊಡೆಯುವುದು ಯಾರಿಗೂ ಸುಲಭವಲ್ಲ. ಆ ನೀರು ಉಳಿಸಲು ಹೋಗಿ ಸಿಮೆಂಟಿನ ದುಡ್ಡು ಕಳೆದುಕೊಳ್ಳುತ್ತೇವೆ.

ಇನ್ನೊಂದು ತಪ್ಪು, ‘ಗಟ್ಟಿಯಾಗಲಿ’ ಅಂತ ಸಿಮೆಂಟ್ ಜಾಸ್ತಿ ಹಾಕಿಸುವುದು. ಸಿಮೆಂಟ್ ಹೆಚ್ಚಾದಷ್ಟೂ ಕುಗ್ಗುವುದು ಹೆಚ್ಚು, ಬಿರುಕೂ ಹೆಚ್ಚು.

ತೇಪೆ ಹಾಕುವ ಮುಂಚೆ

ಮೊದಲು ಗೋಡೆಯ ಕಾಲ ಯಾವುದು ಅಂತ ನೋಡಿ. ಉದುರಿದ ಜಾಗದಲ್ಲಿ ಮೊಳೆಯಿಂದ ಕೆರೆದರೆ ಸಾಕು. ಮಣ್ಣು ಬಂದರೆ ಮಣ್ಣಿನ ಗೋಡೆ. ಇಟ್ಟಿಗೆಗಳ ನಡುವೆ ಮೆತ್ತನೆಯ ಬಿಳಿ ಪುಡಿ ಬಂದರೆ ಗಾರೆಯ ಗೋಡೆ. ಮೊಳೆ ಗೀರು ಮಾತ್ರ ಬಿದ್ದರೆ ಬ್ಲಾಕ್ ಅಥವಾ ಸಿಮೆಂಟಿನ ಗೋಡೆ.

ಮಣ್ಣಿನ ಗೋಡೆಗೆ ಮಣ್ಣಿನ ಮೆತ್ತಿಗೆ, ಮೇಲೆ ಸುಣ್ಣ. ಈಗಾಗಲೇ ಸಿಮೆಂಟ್ ಮೆತ್ತಿದ್ದು ಟೊಳ್ಳು ಸದ್ದು ಬರುತ್ತಿದ್ದರೆ, ಬುಡದಲ್ಲಿ ತೇವ ಅಥವಾ ಬಿಳಿ ಉಪ್ಪು ಕಂಡರೆ, ಆ ಗೋಡೆಯ ಪಕ್ಕ ಮಲಗಬೇಡಿ. ಗೋಡೆ ಒಣಗಿದ ಬೇಸಿಗೆಯಲ್ಲಿ, ತಿಳಿದವರಿಗೆ ತೋರಿಸಿ, ಸ್ವಲ್ಪ ಸ್ವಲ್ಪವೇ ಬಿಡಿಸಿ. ಗಾರೆಯ ಗೋಡೆಗೆ ಸುಣ್ಣ ಮತ್ತು ಮರಳಿನ ಗಾರೆ, ಒಂದಕ್ಕೆ ಮೂರರ ಲೆಕ್ಕ. ಸುಟ್ಟ ಸುಣ್ಣ ಅರಳಿಸುವಾಗ ಕಣ್ಣು ಜೋಪಾನ, ಮಕ್ಕಳನ್ನು ದೂರ ಇಡಿ.

ಬ್ಲಾಕ್ ಗೋಡೆಗೆ ಹೀಗೆ ಮಾಡಿ. ಸುತ್ತ ತಟ್ಟಿ ನೋಡಿ, ಟೊಳ್ಳು ಸದ್ದು ಬರುವಷ್ಟನ್ನೂ ಕೆತ್ತಿ ತೆಗೆಯಿರಿ. ಅಂಚನ್ನು ನೇರವಾಗಿ ಕತ್ತರಿಸಿ. ಧೂಳು ಉಜ್ಜಿ, ಗೋಡೆಗೆ ಹದವಾಗಿ ನೀರು ಚಿಮುಕಿಸಿ, ತೊಯ್ದು ಸುರಿಯುವಷ್ಟು ಬೇಡ. ಒಂದು ಪಾಲು ಸಿಮೆಂಟಿಗೆ ನಾಲ್ಕೈದು ಪಾಲು ಪ್ಲಾಸ್ಟರಿನ ಸಣ್ಣ ಮರಳು. ಆಳವಿದ್ದರೆ ಒಂದೇ ಸಲ ತುಂಬದೆ ಎರಡು ಪದರ ಮಾಡಿಸಿ, ಮೊದಲ ಪದರಕ್ಕೆ ಗೀರು ಹಾಕಿಸಿ. ಕಾಂಕ್ರೀಟ್ ಪಿಲ್ಲರ್ ಮತ್ತು ಬ್ಲಾಕ್ ಸೇರುವ ಸಂದಿನಲ್ಲಿ ಬಿರುಕಿದ್ದರೆ ಕೋಳಿ ಜಾಲರಿ ಹೊಡೆಸಿ. ಕೆಲಸ ಬೆಳಗಿನ ತಂಪಿನಲ್ಲಿ ಅಥವಾ ಬಿಸಿಲು ಇಳಿದ ಮೇಲೆ ಆಗಲಿ. ಆಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಏಳು ದಿನ ಆರದಂತೆ ನೋಡಿಕೊಳ್ಳಿ. ಗೋಣಿ ಇದ್ದರೆ ಕಡಿಮೆ ನೀರಿನಲ್ಲೂ ಗೋಡೆ ತಂಪಾಗಿರುತ್ತದೆ. ಅದೇ ಬಿರುಕು ಪ್ರತಿ ಬೇಸಿಗೆ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ ಅದು ಪ್ಲಾಸ್ಟರಿನ ರೋಗವಲ್ಲ, ಅಡಿಪಾಯದ ಕೆಳಗಿನ ಎರೆ ಮಣ್ಣಿನದು. ಅದಕ್ಕೆ ತೇಪೆ ಮದ್ದಲ್ಲ.

ಗಾರೆ ಕಾಲದ ಕೆಲಸಗಾರರು ನಮಗಿಂತ ಜಾಣರಾಗಿದ್ದರು ಅಂತ ಹೇಳುತ್ತಿಲ್ಲ. ಅವರಿಗೆ ಕಾಯದೆ ಬೇರೆ ದಾರಿ ಇರಲಿಲ್ಲ. ಸುಣ್ಣ ಅರಳಬೇಕು, ಗಾರೆ ಅರೆಯಬೇಕು, ಗೋಡೆ ಆರಬೇಕು. ನಮಗೆ ಬೇಗ ಮುಗಿಸುವ ದಾರಿ ಸಿಕ್ಕಿತು. ಅದರಲ್ಲಿ ಏಳು ದಿನದ ನೀರನ್ನೂ ಬಿಟ್ಟುಬಿಟ್ಟೆವು. ಮುಂದಿನ ಸಲ ‘ಗಾರೆ ಕೆಲಸದ’ ಮೇಸ್ತ್ರಿ ಮನೆಗೆ ಬಂದಾಗ ರೇಟು ಕೇಳುವ ಮುಂಚೆ, ‘ಅಣ್ಣ, ಈ ಗೋಡೆ ಯಾವ ಕಾಲದ್ದು, ಒಮ್ಮೆ ಕೆರೆದು ನೋಡೋಣ’ ಅನ್ನಿ.