ಅಂಗುಲ ಅಂಗುಲಕ್ಕೂ ಆಧಾರ

ಹೋದ ವರ್ಷ ಜೂನ್ ತಿಂಗಳು. ಶಾಲೆ ತೆರೆದ ವಾರವೇ ಪುಸ್ತಕದ ಕಟ್ಟುಗಳನ್ನು ತರಲು ಊರಾಚೆಯ ಗೋದಾಮೊಂದಕ್ಕೆ ಹೋಗಿದ್ದೆ. ಅಂಗಳದಲ್ಲಿ ಬಣ್ಣಗೆಟ್ಟ ಹಳೆಯ ಫೋರ್ಕ್‌ಲಿಫ್ಟ್ ನಿಂತಿತ್ತು. ಅದರ ಎರಡು ಕಬ್ಬಿಣದ ತೋಳುಗಳು ಮೂಟೆಗಳನ್ನು ಹೊತ್ತು ಆಳೆತ್ತರದಲ್ಲಿದ್ದವು. ಆ ಮೂಟೆಗಳ ಕೆಳಗೆ ತಲೆ ತೂರಿಸಿಕೊಂಡು ಒಬ್ಬ ಹುಡುಗ ಎಣ್ಣೆಯ ಕೊಳವೆಯನ್ನು ಬರಿಗೈಯಿಂದ ಸವರುತ್ತಿದ್ದ.

“ಈಚೆಗೆ ಬಾರೋ!” ಎಂದು ಗದರಿದೆ. ತರಗತಿಯಲ್ಲಿ ಗದರಿ ಗದರಿ ಬಂದ ದನಿ ಅದು. ಈಚೆ ಬಂದ ಮುಖ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿಯೇ!

“ಏನೂ ಆಗಲ್ಲ ಟೀಚರ್. ಆಯಿಲ್ ಸೋರ್ತಿದೆ, ಎಲ್ಲಿ ಅಂತ ನೋಡ್ತಿದ್ದೆ.”

“ಇದು ಎಷ್ಟು ಭಾರ ಎತ್ತುತ್ತೋ?”

“ಎರಡು ಟನ್ ಅಂತಾರೆ. ಹಿಂದೆ ಇಬ್ಬರನ್ನ ನಿಲ್ಲಿಸಿದ್ರೆ ಎರಡೂವರೆನೂ ಎತ್ತುತ್ತೆ.” ಭಾರದ ಮಿತಿ ಬರೆದಿದ್ದ ತಗಡಿನ ಮೇಲೆ ಯಾರೋ ಬಣ್ಣ ಬಳಿದುಬಿಟ್ಟಿದ್ದರು.

ಯಂತ್ರ ನನ್ನ ವಿಷಯವಲ್ಲ. ನಾನು ಬಿ.ಎ.ಯಲ್ಲಿ ಓದಿದ್ದೂ ಮಕ್ಕಳಿಗೆ ಹೇಳಿಕೊಟ್ಟದ್ದೂ ಇತಿಹಾಸವನ್ನೇ. ಆದರೆ ಅವನ ‘ಏನೂ ಆಗಲ್ಲ’ ಎಂಬ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು 1849ನೆಯ ಇಸವಿ.

ಕಥೆ ಅದಕ್ಕಿಂತಲೂ ಹಿಂದಿನಿಂದ ಶುರುವಾಗುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 1662ರಲ್ಲಿ ತೀರಿಕೊಂಡ. ದ್ರವಗಳ ಸಮತೋಲವನ್ನು ಕುರಿತು ಅವನು ಬರೆದದ್ದು ಮರುವರ್ಷ ಅಚ್ಚಾಯಿತು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಹೀಗಾಗಿ ಸಣ್ಣ ಬಾಯಿಯಲ್ಲಿ ಒಬ್ಬ ಒತ್ತಿದರೆ, ಅದರ ನೂರರಷ್ಟು ವಿಸ್ತೀರ್ಣದ ಬಾಯಿಯಲ್ಲಿ ನೂರು ಜನರ ಬಲ ಹುಟ್ಟುತ್ತದೆ. ಕೇಳುವುದಕ್ಕೆ ಇಂದ್ರಜಾಲದಂತಿದೆ. ಆದರೆ ಇದರಲ್ಲಿ ಪುಕ್ಕಟೆ ಏನೂ ಇಲ್ಲ. ದೊಡ್ಡ ಬಾಯಿ ಒಂದು ಅಂಗುಲ ಏರಬೇಕಾದರೆ ಸಣ್ಣ ಬಾಯಿಯಲ್ಲಿ ನೂರು ಅಂಗುಲ ತಳ್ಳಬೇಕು.

ಈ ತತ್ತ್ವವನ್ನು ಕೆಲಸಕ್ಕೆ ಹಚ್ಚಿದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. 1795ರಲ್ಲಿ ಅವನು ನೀರಿನ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅವನನ್ನು ಕಾಡಿದ್ದೂ ನನ್ನ ಹುಡುಗನನ್ನು ಕಾಡಿದ ಸೋರಿಕೆಯೇ. ಕೊಂತ ಮೇಲೆ ಕೆಳಗೆ ಆಡುವ ಸಂದಿನಲ್ಲಿ ನೀರು ಚಿಮ್ಮುತ್ತಿತ್ತು. ಬಿಗಿ ಮಾಡಿದರೆ ಕೊಂತವೇ ಅಲುಗುತ್ತಿರಲಿಲ್ಲ. ಕೊನೆಗೆ ಬಟ್ಟಲಿನಂತೆ ಮಡಿಸಿದ ಚರ್ಮದ ಬಳೆ ಬಂತು. ನೀರಿನ ಒತ್ತಡ ಹೆಚ್ಚಿದಷ್ಟೂ ಅದು ತಾನೇ ಬಿಗಿಯಾಗುತ್ತದೆ. ಒತ್ತಡ ಇಳಿದಾಗ ಸಡಿಲವಾಗುತ್ತದೆ. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲಿ ಎಂಬ ಕುಶಲಕರ್ಮಿಗೆ ಆ ಕೀರ್ತಿ ಸಲ್ಲುತ್ತದೆ ಎನ್ನುತ್ತಾರೆ. ಇಂದಿನ ಫೋರ್ಕ್‌ಲಿಫ್ಟಿನ ಸಿಲಿಂಡರಿನಲ್ಲಿರುವ ರಬ್ಬರಿನ ಸೀಲು ಆ ಚರ್ಮದ ಬಳೆಯ ಮೊಮ್ಮಗಳೇ ಸರಿ.

ಇನ್ನು 1849ಕ್ಕೆ ಬರೋಣ. ವೇಲ್ಸ್ ನಾಡಿನ ಮೆನಾಯ್ ಜಲಸಂಧಿಗೆ ರಾಬರ್ಟ್ ಸ್ಟೀಫನ್‌ಸನ್ ರೈಲು ಸೇತುವೆ ಕಟ್ಟಿಸುತ್ತಿದ್ದ. ಅದರ ಹೆಸರು ಬ್ರಿಟಾನಿಯಾ ಸೇತುವೆ. ರೈಲು ಒಳಗೇ ಓಡುವಂಥ ಕಬ್ಬಿಣದ ಭಾರಿ ಕೊಳವೆಗಳು ಅವು. ನಡುವಿನ ಒಂದೊಂದು ಕೊಳವೆಯೂ ಸುಮಾರು 460 ಅಡಿ ಉದ್ದ, 1,500 ಟನ್ನಿಗೂ ಮಿಕ್ಕ ಭಾರ. ಅವನ್ನು ದಡದಲ್ಲಿ ಕಟ್ಟಿ, ಉಬ್ಬರದ ನೀರಿನಲ್ಲಿ ತೇಲಿಸಿ ತಂದು, ನೀರಿನ ಒತ್ತುಯಂತ್ರಗಳಿಂದ ಸುಮಾರು ನೂರು ಅಡಿ ಮೇಲಕ್ಕೆ ಎತ್ತಬೇಕಿತ್ತು. ಒಂದು ಎತ್ತಿಗೆ ಆರು ಅಡಿ. ಸ್ಟೀಫನ್‌ಸನ್ ಒಂದು ಮಾತಿಗೆ ಪಟ್ಟು ಹಿಡಿದಿದ್ದ. ಕೊಳವೆ ಏರಿದ ಹಾಗೆಲ್ಲ, ಅಂಗುಲ ಅಂಗುಲಕ್ಕೂ ಅದರ ಅಡಿಗೆ ಆಧಾರ ಕೊಡುತ್ತ ಹೋಗಬೇಕು. ಯಂತ್ರವೊಂದನ್ನೇ ನಂಬಿ ತೂಗಬಿಡಕೂಡದು. ಇದರಿಂದ ಕೆಲಸ ಎಷ್ಟು ನಿಧಾನವಾಗಿದ್ದೀತು, ಊಹಿಸಿಕೊಳ್ಳಿ.

ಆಗಸ್ಟ್ 17ರಂದು ಆ ಮಹಾಯಂತ್ರದ ಸಿಲಿಂಡರಿನ ತಳವೇ ಕಿತ್ತು ಬಿತ್ತು. ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡ. ಕೊಳವೆ ಮಾತ್ರ ಒಂದು ಗೇಣಿನಷ್ಟು ಕುಸಿದು, ಅಡಿಗಿದ್ದ ಆಧಾರದ ಮೇಲೆ ಕುಳಿತಿತು. ಆ ಆಧಾರವಿಲ್ಲದಿದ್ದರೆ ಕೊಳವೆ, ಜನ, ಸೇತುವೆ ಯಾವುದೂ ಉಳಿಯುತ್ತಿರಲಿಲ್ಲ. 1850ರಲ್ಲಿ ಸೇತುವೆಯ ಮೇಲೆ ರೈಲು ಓಡಿತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಆ ಒತ್ತುಯಂತ್ರವನ್ನು ಜನ ಬೆರಗಿನಿಂದ ನೋಡಿದರು. ಅಡಿಗೆ ಕೊಟ್ಟ ಮರದ, ಇಟ್ಟಿಗೆಯ ತುಂಡುಗಳನ್ನು ಯಾರು ಪ್ರದರ್ಶನಕ್ಕೆ ಇಡುತ್ತಾರೆ?

ಫೋರ್ಕ್‌ಲಿಫ್ಟ್ ಬಂದದ್ದು ಆಮೇಲೆ. 1917ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕ್ಲಾರ್ಕ್ ಎಂಬ ಕಂಪನಿಯವರು ತಮ್ಮ ಅಚ್ಚಿನ ಕಾರ್ಖಾನೆಯೊಳಗೆ ಸಾಮಾನು ಸಾಗಿಸಲು ಒಂದು ಮೋಟಾರು ಬಂಡಿ ಮಾಡಿಕೊಂಡರು. ನೋಡಿದವರೆಲ್ಲ ತಮಗೂ ಬೇಕೆಂದರು. ಮುಂದೆ ಅಂಥ ಬಂಡಿಗಳಿಗೆ ಎತ್ತುವ ತೋಳು ಬಂತು. ನೀರಿನ ಜಾಗದಲ್ಲಿ ತುಕ್ಕು ಹಿಡಿಸದ ಎಣ್ಣೆ ಬಂತು. ಎರಡನೆಯ ಮಹಾಯುದ್ಧದ ಸರಕು ಸಾಗಣೆಯಲ್ಲಿ ಅವು ಲೋಕವೆಲ್ಲ ಹರಡಿದವು.

ಈ ಗಾಡಿಗೆ ಮಿತಿಗಳು ಎರಡು. ಒಂದು ಎಣ್ಣೆಯ ಒತ್ತಡದ್ದು. ಒತ್ತಡ ಮೀರಿದರೆ ಎಣ್ಣೆಯನ್ನು ತೊಟ್ಟಿಗೆ ಮರಳಿಸುವ ರಿಲೀಫ್ ವಾಲ್ವ್ ಅದರಲ್ಲಿರುತ್ತದೆ. ಅದರ ತಿರುಪು ಬಿಗಿದು ಹೆಚ್ಚು ಭಾರ ಎತ್ತಿಸುವ ಜಾಣರೂ ಇದ್ದಾರೆ. ಎರಡನೆಯದು ಮುಗುಚುವ ಮಿತಿ. ತಿರುಪು ಬಿಗಿದು ಅದನ್ನು ಹೆಚ್ಚಿಸಲಾಗದು. ಮಕ್ಕಳು ಆಡುವ ಏತದ ಹಲಗೆಯನ್ನು ನೆನೆಯಿರಿ. ಮುಂದಿನ ಚಕ್ರದ ಅಚ್ಚೇ ನಡುವಿನ ಕಂಬ; ಒಂದು ಕಡೆ ಮೂಟೆ, ಇನ್ನೊಂದು ಕಡೆ ಗಾಡಿಯ ಹಿಂಭಾರ. ಅಚ್ಚಿನಿಂದ ತೋಳಿನ ಬುಡಕ್ಕೆ 40 ಸೆಂಟಿಮೀಟರ್, ಬುಡದಿಂದ ಮೂಟೆಯ ನಡುವಿಗೆ 50 ಎಂದಿಟ್ಟುಕೊಳ್ಳೋಣ. ಒಟ್ಟು 90 ಸೆಂಟಿಮೀಟರಿನಲ್ಲಿ 2,000 ಕಿಲೋ ಹೊರುವ ಗಾಡಿ, ಉದ್ದನೆಯ ಸಾಮಾನಿನ ನಡು 80ಕ್ಕೆ ಸರಿದು ಒಟ್ಟು 120 ಆದರೆ 1,500 ಕಿಲೋ ಮಾತ್ರ ಹೊತ್ತೀತು. ಎತ್ತರಕ್ಕೆ ಹೋದಂತೆ ಗಾಡಿ ಇನ್ನೂ ಅಸ್ಥಿರ. ಈ ಗಾಡಿ ತಿರುಗುವುದು ಹಿಂದಿನ ಚಕ್ರದಿಂದ. ಅದು ನೆಲ ಬಿಟ್ಟಿತೆಂದರೆ ಹಿಡಿತವೂ ಹೋಯಿತು. ಹಿಂದೆ ನಿಲ್ಲಿಸಿದ ಇಬ್ಬರು ತೂಕದ ಕಲ್ಲುಗಳಲ್ಲ. ಬೀಳುವವರ ಲೆಕ್ಕಕ್ಕೆ ಇನ್ನಿಬ್ಬರು, ಅಷ್ಟೆ.

ಇನ್ನು ಸೋರಿಕೆ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಮೇಲೆ ನೋಡಿದರೆ ಮುಳ್ಳು ಚುಚ್ಚಿದಂತೆ ಒಂದು ಚುಕ್ಕೆ. ತಡಮಾಡದೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಅದಕ್ಕೇ ಯಂತ್ರ ನಿಲ್ಲಿಸಿ, ತೋಳು ನೆಲಕ್ಕಿಳಿಸಿ, ಒತ್ತಡ ಕಳೆದ ಮೇಲೆಯೇ ಕೊಳವೆ ಮುಟ್ಟಬೇಕು. ಚಾಲೂ ಇರುವಾಗ ನೋಡಲೇಬೇಕಾದರೆ ದೂರದಿಂದ ಒಂದು ರಟ್ಟಿನ ತುಂಡು ಹಿಡಿಯಬೇಕು, ಕೈಯನ್ನಲ್ಲ.

ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆ ಕಾಯಿದೆಯ 29ನೆಯ ಕಲಮು, ಎತ್ತುವ ಯಂತ್ರಗಳ ಮೇಲೆ ಸುರಕ್ಷಿತ ಭಾರವನ್ನು ಎದ್ದು ಕಾಣುವಂತೆ ಬರೆದಿರಬೇಕು, ಹನ್ನೆರಡು ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು ಎಂದು ವಿಧಿಸಿತ್ತು. ಇಂಥ ಕಲಮುಗಳನ್ನು ಓದುವಾಗ ನನಗೆ ಸತ್ತವರ ನೆನಪಾಗುತ್ತದೆ. ಯಾರೋ ಬಿದ್ದ ಮೇಲೆಯೇ ಇಂಥ ಸಾಲು ಬರೆಯುವ ಬುದ್ಧಿ ಮನುಷ್ಯನಿಗೆ ಬಂದದ್ದು.

ಅವತ್ತು ಇಷ್ಟನ್ನೆಲ್ಲ ಹೇಳಲಿಲ್ಲ. ಸೇತುವೆಯ ಕಥೆಯಷ್ಟನ್ನೇ ಹೇಳಿದೆ. ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಆಕಳಿಸುತ್ತಿದ್ದವನು ಅಂದು ಕಣ್ಣು ಮಿಟುಕಿಸದೆ ಕೇಳಿದ.

ತಿಂಗಳು ಕಳೆದು ಒಂದು ಶನಿವಾರ ಶಾಲೆಗೆ ಬಂದ. “ಸೀಮೆಎಣ್ಣೆ ಹಾಕಿ ಬಣ್ಣ ಉಜ್ಜಿದೆ ಟೀಚರ್. ಎರಡು ಟನ್ ಅನ್ನೋದು ಕೆಳಗಿನ ಎತ್ತರಕ್ಕಂತೆ. ಮೇಲಿನ ಅಟ್ಟಕ್ಕೆ ಬರೀ 1,600 ಕಿಲೋ. ಇಷ್ಟು ವರ್ಷ ಎರಡೇ ಹಾಕ್ತಿದ್ವಿ.”

“ಧಣಿಗಳು ಏನಂದ್ರು?”

“ಇಷ್ಟು ವರ್ಷ ಏನಾಗಿತ್ತು ಅಂದ್ರು.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಹುಡುಗ ಕೆಲಸ ಕಳೆದುಕೊಂಡಾನೇ ಎಂಬ ಭಯ ನನಗೆ. ಮನೆಯಲ್ಲಿ ತಾಯಿ, ತಂಗಿ ಇದ್ದಾರೆ. ಮಿತಿಯನ್ನು ಓದುವುದು ಸುಲಭ. ಇನ್ನೊಬ್ಬರ ಸಂಬಳದಲ್ಲಿ ಇದ್ದುಕೊಂಡು ಅದನ್ನು ಪಾಲಿಸುವುದು ಕಷ್ಟ.

“ಮತ್ತೆ ಈಗ?” ಎಂದೆ.

“ಅಟ್ಟಕ್ಕೆ ಎರಡು ಸಲ ಮಾಡಿ ಎತ್ತುತ್ತೀನಿ. ನಿಧಾನ ಆಗುತ್ತೆ, ಬೈತಾರೆ. ಹಿಂದೆ ಯಾರನ್ನೂ ನಿಲ್ಲಿಸಲ್ಲ. ರಿಪೇರಿ ಮಾಡೋವಾಗ ತೋಳನ್ನ ನೆಲಕ್ಕೆ ಇಳಿಸ್ತೀನಿ. ಮೇಲೆ ಇಟ್ಟೇ ಮಾಡಬೇಕು ಅಂದ್ರೆ ಮೊದಲು ಖಾಲಿ ಮಾಡಿ, ಅಡಿಗೆ ದಪ್ಪ ದಿಮ್ಮಿ ಕೊಡ್ತೀನಿ.”

ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಇಸವಿಗಳನ್ನು ಕಂಠಪಾಠ ಮಾಡಿ ಏನು ಪ್ರಯೋಜನ ಟೀಚರ್ ಎಂದು ಕೇಳಿದ ಮಕ್ಕಳಿಗೆ ಸರಿಯಾದ ಉತ್ತರ ಹೊಳೆದದ್ದೇ ಇಲ್ಲ. ಈಗ ಯಾರಾದರೂ ಕೇಳಿದರೆ ಆ ಗೋದಾಮಿನ ದಾರಿ ತೋರಿಸುತ್ತೇನೆ.