ಪಶ್ಚಿಮ ಪಪುವಾ: ಕೇಳದೆ ಪಡೆದ ಒಪ್ಪಿಗೆ

ಸಂಘ-ಸಂಸ್ಥೆಗಳ ನಡಾವಳಿ ಪುಸ್ತಕವನ್ನು ಬರೆದು ಬಲ್ಲವರಿಗೆ ‘ಗಮನಿಸಲಾಯಿತು’ ಎಂಬ ಪದದ ಉಪಯೋಗ ತಿಳಿದಿರುತ್ತದೆ. ಮನಸಾರೆ ಒಪ್ಪಲಾಗದ, ಎದ್ದುನಿಂತು ವಿರೋಧಿಸಲೂ ಆಗದ ವಿಷಯವು ಸಭೆಯ ಮುಂದೆ ಬಂದಾಗ ಈ ಪದ ನೆರವಿಗೆ ಬರುತ್ತದೆ. 1969ರ ನವೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆಯು ಒಂದು ಮೂಲನಿವಾಸಿ ಜನಾಂಗದ ಭವಿಷ್ಯದ ಪ್ರಶ್ನೆಯನ್ನು ಇಂತಹುದೇ ಒಂದು ಪದದಿಂದ ಮುಗಿಸಿಬಿಟ್ಟಿತು. ಆ ಜನರೇ ಪಶ್ಚಿಮ ಪಪುವಾದವರು.

ಆಸ್ಟ್ರೇಲಿಯದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಪಶ್ಚಿಮಾರ್ಧವೇ ಈ ನಾಡು. 1949ರಲ್ಲಿ ಡಚ್ಚರು ಇಂಡೊನೇಷ್ಯಕ್ಕೆ ಸಾರ್ವಭೌಮತ್ವವನ್ನು ಒಪ್ಪಿಸಿದಾಗ ಈ ಭಾಗವನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. 1961ರಲ್ಲಿ ಚುನಾಯಿತ ಸದಸ್ಯರನ್ನೂ ಒಳಗೊಂಡ ಪರಿಷತ್ತೊಂದು ಅಲ್ಲಿ ರಚಿತವಾಯಿತು. ಅದೇ ವರ್ಷದ ಡಿಸೆಂಬರ್ 1ರಂದು ಪಪುವನ್ನರು ‘ಬೆಳ್ಳಿಚುಕ್ಕೆ’ ಎಂಬ ತಮ್ಮ ಧ್ವಜವನ್ನು ಹಾರಿಸಿದರು. ಆದರೆ ಡಚ್ಚರ ವಸಾಹತು ಸಮಸ್ತವೂ ತನಗೆ ಸೇರತಕ್ಕದ್ದೆಂಬುದು ಇಂಡೊನೇಷ್ಯದ ವಾದವಾಗಿತ್ತು. ಯುದ್ಧದ ಭೀತಿ ಆವರಿಸಿತು. ಅಮೆರಿಕ ಮಧ್ಯಸ್ಥಿಕೆ ವಹಿಸಿತು. 1962ರ ಆಗಸ್ಟ್ 15ರಂದು ನ್ಯೂಯಾರ್ಕಿನಲ್ಲಿ ಹಾಲೆಂಡ್ ಮತ್ತು ಇಂಡೊನೇಷ್ಯಗಳು ಒಪ್ಪಂದಕ್ಕೆ ಸಹಿ ಹಾಕಿದವು. ಯಾರ ನಾಡಿನ ವಿಷಯವೋ ಅವರ ಸಹಿ ಅದರಲ್ಲಿರಲಿಲ್ಲ.

ಆದರೂ ಆ ಒಪ್ಪಂದದಲ್ಲಿ ಒಂದು ವಚನವಿತ್ತು. ಅಂತರರಾಷ್ಟ್ರೀಯ ಪದ್ಧತಿಗೆ ಅನುಸಾರವಾಗಿ, ವಯಸ್ಕರಾದ ಸ್ತ್ರೀಪುರುಷರೆಲ್ಲರೂ ಸ್ವನಿರ್ಣಯದಲ್ಲಿ ಭಾಗವಹಿಸಲು ಅರ್ಹರೆಂದು ಅದು ಹೇಳಿತ್ತು. 1963ರ ಮೇ 1ರಂದು ಆಡಳಿತವು ಇಂಡೊನೇಷ್ಯದ ಕೈಸೇರಿತು. 1967ರಲ್ಲಿ, ಜನರ ಅಭಿಪ್ರಾಯವನ್ನು ಕೇಳುವುದಕ್ಕೆ ಎರಡು ವರ್ಷ ಮೊದಲೇ, ಅಲ್ಲಿನ ಪರ್ವತಗಳ ತಾಮ್ರವನ್ನು ಅಗೆಯಲು ಅಮೆರಿಕದ ಫ್ರೀಪೋರ್ಟ್ ಕಂಪನಿಯೊಡನೆ ಇಂಡೊನೇಷ್ಯ ಸರ್ಕಾರವು ಕರಾರು ಮಾಡಿಕೊಂಡಿತು. ಹೀಗಿರುವಾಗ ಉತ್ತರ ಯಾವುದಾಗಬೇಕೆಂಬುದು ಮೊದಲೇ ನಿಶ್ಚಯವಾಗಿತ್ತೆಂದು ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ.

1969ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ‘ಮುಕ್ತ ಆಯ್ಕೆಯ ಕ್ರಿಯೆ’ ನೆರವೇರಿತು. ಸುಮಾರು ಎಂಟು ಲಕ್ಷ ಜನರ ಪರವಾಗಿ ಸಾವಿರದ ಇಪ್ಪತ್ತೈದರಷ್ಟು ಆಯ್ದ ಪ್ರತಿನಿಧಿಗಳನ್ನು ಸಭೆ ಸೇರಿಸಲಾಯಿತು. ಗುಪ್ತ ಮತದಾನವಿರಲಿಲ್ಲ, ಸೈನ್ಯದ ಕಣ್ಣೆದುರಿನಲ್ಲಿಯೇ ಅವರು ಒಮ್ಮತದಿಂದ ಇಂಡೊನೇಷ್ಯದೊಡನೆ ಇರುವುದಾಗಿ ಘೋಷಿಸಿದರು. ದುರ್ಗಮವಾದ ಗುಡ್ಡಗಾಡಿನಲ್ಲಿ ಪ್ರತಿಯೊಬ್ಬರ ಮತ ಪಡೆಯುವುದು ಅಸಾಧ್ಯ, ಸಮಾಲೋಚನೆಯೇ ತಮ್ಮ ಸಂಪ್ರದಾಯ ಎಂಬ ಸಮಾಧಾನವನ್ನು ಇಂಡೊನೇಷ್ಯ ನೀಡಿತು. ಆದರೆ ಅದೇ ದ್ವೀಪದ ಪೂರ್ವಾರ್ಧದಲ್ಲಿ, ಅಂತಹುದೇ ಬೆಟ್ಟಕಾಡುಗಳ ನಡುವೆ, 1964ರಲ್ಲಿಯೇ ಆಸ್ಟ್ರೇಲಿಯದ ಆಡಳಿತವು ವಯಸ್ಕ ಮತದಾನದ ಚುನಾವಣೆಯನ್ನು ನಡೆಸಿತ್ತು.

ಮಹಾಸಭೆಯಲ್ಲಿ ಆಫ್ರಿಕದ ಕೆಲವು ರಾಷ್ಟ್ರಗಳು ಆಕ್ಷೇಪವೆತ್ತಿದವು. 1975ರೊಳಗೆ ಆ ಜನರಿಗೆ ಇನ್ನೊಂದು ಅವಕಾಶ ದೊರೆಯಲೆಂದು ಘಾನಾ ತಂದ ತಿದ್ದುಪಡಿಯು ಬಿದ್ದುಹೋಯಿತು. ವರದಿಯನ್ನು ‘ಗಮನಿಸುವ’ ನಿರ್ಣಯದ ಪರವಾಗಿ 84 ರಾಷ್ಟ್ರಗಳು ಮತ ನೀಡಿದವು. 30 ರಾಷ್ಟ್ರಗಳು ತಟಸ್ಥವಾಗುಳಿದವು. ವಿರುದ್ಧ ಒಂದು ಮತವೂ ಬೀಳಲಿಲ್ಲ.

ಈ ಮೌನವನ್ನು ಮುರಿದವರಲ್ಲಿ ನಮ್ಮ ದೇಶದವರೊಬ್ಬರೂ ಇದ್ದರೆಂಬುದನ್ನು ವಾಚಕರು ತಿಳಿಯಬೇಕು. ಅಂದು ವಿಶ್ವಸಂಸ್ಥೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಸಿ. ವಿ. ನರಸಿಂಹನ್ ಅವರು 2001ರಲ್ಲಿ, ನಡೆದುದೆಲ್ಲವೂ ಕೇವಲ ಸುಣ್ಣ ಬಳಿಯುವ ಕೆಲಸವಾಗಿತ್ತೆಂದೂ, ಸಮಸ್ಯೆಯನ್ನು ಬೇಗನೆ ಕಳಚಿಕೊಳ್ಳುವುದೇ ಅಂದಿನ ಆತುರವಾಗಿತ್ತೆಂದೂ ಬಹಿರಂಗವಾಗಿ ಒಪ್ಪಿಕೊಂಡರು. ಮೂರು ದಶಕಗಳಷ್ಟು ತಡವಾಗಿ ಬಂದ ಸತ್ಯವಾದರೂ ಅದು ಸತ್ಯವೇ.

ಬಳಿಕ ಪ್ರಶ್ನೆಯು ಸಂಸತ್ತುಗಳನ್ನು ತಲುಪಿತು. 2004ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮೇಲ್ಮನೆಯಲ್ಲಿ ಸಚಿವೆ ಬ್ಯಾರೊನೆಸ್ ಸೈಮನ್ಸ್ ಅವರು, ಆ ಸಾವಿರ ಪ್ರತಿನಿಧಿಗಳು ಬಹುಮಟ್ಟಿಗೆ ಒತ್ತಾಯಕ್ಕೆ ಒಳಗಾಗಿದ್ದರೆಂದು ಸರ್ಕಾರದ ಪರವಾಗಿ ಒಪ್ಪಿದರು. ಹಾಲೆಂಡಿನ ಸಂಸತ್ತಿನ ಬೇಡಿಕೆಯ ಮೇರೆಗೆ ಇತಿಹಾಸಜ್ಞ ಡ್ರೋಖ್‌ಲೇವರ್ ಅವರು ನಡೆಸಿದ ಸಂಶೋಧನೆಯು 2005ರಲ್ಲಿ ಪ್ರಕಟವಾಗಿ, ಆ ಆಯ್ಕೆಯು ನೈಜವಾದುದಲ್ಲವೆಂದು ತೋರಿಸಿತು. 2008ರ ಅಕ್ಟೋಬರ್ 15ರಂದು ದೇಶಭ್ರಷ್ಟ ನಾಯಕ ಬೆನ್ನಿ ವೆಂಡಾ ಅವರ ಪ್ರಯತ್ನದಿಂದ, ಪಶ್ಚಿಮ ಪಪುವಾವನ್ನು ಬೆಂಬಲಿಸುವ ಅಂತರರಾಷ್ಟ್ರೀಯ ಸಂಸದರ ಕೂಟವು ಲಂಡನ್ನಿನ ಸಂಸತ್ ಭವನದಲ್ಲಿ ಉದಯಿಸಿತು. 2010ರಲ್ಲಿ ಪುಟ್ಟ ವನುವಾಟು ದೇಶದ ಸಂಸತ್ತು ಪಪುವನ್ನರ ಸ್ವಾತಂತ್ರ್ಯದ ಪರವಾಗಿ ಸರ್ವಾನುಮತದಿಂದ ನಿಂತಿತು. 2016ರ ಮೇ 3ರಂದು ಲಂಡನ್ನಿನಲ್ಲಿ ಸೇರಿದ ಸಂಸದರು, ಅಂತರರಾಷ್ಟ್ರೀಯ ಮೇಲ್ವಿಚಾರಣೆಯಲ್ಲಿ ಮತದಾನ ನಡೆಯಬೇಕೆಂದು ಕರೆಯಿತ್ತರು. ಟೋಂಗಾದ ಪ್ರಧಾನಿ ಅಕಿಲಿಸಿ ಪೊಹಿವಾ ಅವರೂ ಅಲ್ಲಿದ್ದರು.

ಈ ಬೆಂಬಲದ ಮಿತಿಯನ್ನೂ ಅರಿಯಬೇಕು. ಸಂಸದರ ಘೋಷಣೆ ಯಾವ ಸರ್ಕಾರವನ್ನೂ ಬಂಧಿಸದು. ಬ್ರಿಟನ್ ಇಂದಿಗೂ ಇಂಡೊನೇಷ್ಯದ ಸಾರ್ವಭೌಮತ್ವವನ್ನು ಮಾನ್ಯಮಾಡುತ್ತದೆ. 1969ರಲ್ಲಿಯೇ ವಿಷಯ ಮುಗಿಯಿತೆಂದೂ, 2001ರಿಂದ ವಿಶೇಷ ಸ್ವಾಯತ್ತತೆ ನೀಡಲಾಗಿದೆಯೆಂದೂ ಇಂಡೊನೇಷ್ಯ ಹೇಳುತ್ತದೆ. ಪರ್ವತಗಳಲ್ಲಿ ಸೈನ್ಯಕ್ಕೂ ಸಶಸ್ತ್ರ ಬಂಡುಕೋರರಿಗೂ ನಡುವೆ ನಿರಪರಾಧಿಗಳು ಸಾಯುತ್ತಲೇ ಇದ್ದಾರೆ. 2018ರ ಡಿಸೆಂಬರಿನಲ್ಲಿ ರಸ್ತೆ ಕಾಮಗಾರಿಯ ಕೂಲಿಗಳನ್ನು ಬಂಡುಕೋರರು ಕೊಂದುದನ್ನು ಯಾವ ನ್ಯಾಯದ ಹೆಸರಿನಿಂದಲೂ ಸಮರ್ಥಿಸಲಾಗದು.

ಹಾಗಾದರೆ ಸಂಸದರ ಮಾತಿನಿಂದ ಪ್ರಯೋಜನವೇನು? ಜನರಿಂದ ಮತ ಪಡೆದು ಆಸನವೇರಿದವರು, ಮತವೇ ಸಿಗದವರ ಪರವಾಗಿ ಸಾಕ್ಷಿ ನುಡಿಯುವುದು ಅವರ ಧರ್ಮವಾಗಿದೆ. ಅಂದು ಸಭೆಯು ತಪ್ಪನ್ನು ತಾನು ಮಾಡಲಿಲ್ಲ, ಮಾಡಿಸಲೂ ಇಲ್ಲ, ಕೇವಲ ಗಮನಿಸಿತು. ಆ ಗಮನಿಸುವಿಕೆಯ ಭಾರವನ್ನು ಪಪುವನ್ನರ ಮೂರು ತಲೆಮಾರುಗಳು ಹೊತ್ತಿವೆ. ಬರೆದಿಟ್ಟ ನಡಾವಳಿಯನ್ನು ಮತ್ತೆ ತೆರೆದು ಓದುವ ಧೈರ್ಯವು ಕೆಲವರಲ್ಲಾದರೂ ಮೂಡಿದೆ. ವಯಸ್ಕರಾದ ಸ್ತ್ರೀಪುರುಷರೆಲ್ಲರನ್ನೂ ಕೇಳುವೆವೆಂದು 1962ರಲ್ಲಿ ಕೊಟ್ಟ ಮಾತು ಇನ್ನೂ ಈಡೇರಬೇಕಾಗಿದೆ.